ತೇಗಿನ ಜಮಾಖರ್ಚು

ಗಾಜಿನ ಕೋಣೆಯೊಳಗೆ ಗೀರ್ಟ್ಯೆ.
ಕಿವಿಯ ಹಳದಿ ಬಿಲ್ಲೆಯ ಮೇಲೆ ನೂರಾ ಹನ್ನೆರಡು.
ಕರು ಹಾಕಿ ಎಪ್ಪತ್ತು ದಿನ, ಹಾಲು ಮೂವತ್ತೆಂಟು ಲೀಟರು.
ಹೊರಗೆ ಫ್ರೀಸ್‌ಲ್ಯಾಂಡಿನ ನವೆಂಬರು,
ಕಾಲುವೆಯೂ ಆಕಾಶವೂ ಒಂದೇ, ಪಾತ್ರೆ ತೊಳೆದ ನೀರು.

ಎಳೆದ ಉಸಿರಿಗೊಂದು ಕೊಳವೆ, ಬಿಟ್ಟ ಉಸಿರಿಗೊಂದು.
ಮೇವು ತೂಗಿ ಕೊಡುತ್ತೇವೆ, ಬಿಟ್ಟದ್ದನ್ನು ತೂಗಿ ತೆಗೆಯುತ್ತೇವೆ.
ಸಗಣಿ ಬಕೆಟ್ಟಿಗೆ, ಗಂಜಲ ಕ್ಯಾನಿಗೆ;
ಒಣಗಿಸಿ, ಪುಡಿಮಾಡಿ, ಉಕ್ಕಿನ ಬಟ್ಟಲಲ್ಲಿ ಸುಟ್ಟು
ಇನ್ನೂ ಎಷ್ಟು ಬೆಂಕಿ ಉಳಿದಿತ್ತೆಂದು ನೋಡುತ್ತೇವೆ.
ನನ್ನ ಸಂಬಳ ಬರುವುದು ಇದಕ್ಕೆ.
ಅಮ್ಮ ನೆರೆಯವರಿಗೆ ಹೇಳುವುದು,
"ಮಗಳು ಆಫೀಸಿನಲ್ಲಿದ್ದಾಳೆ."

ಪುಡಿ ಬೆರೆಸುವವನು ವುಬ್ಬೆ.
ದಿನಕ್ಕೆ ಒಂದೂವರೆ ಗ್ರಾಂ,
ಮಗು ಹುಟ್ಟಿದ ಮನೆಯಲ್ಲಿ ರಸ್ಕಿನ ಮೇಲೆ
ಸಕ್ಕರೆ ಸೋಂಪು ಉದುರಿಸುವಷ್ಟೇ ಜೋಪಾನದಿಂದ.
ಇಷ್ಟಕ್ಕೇ ಹೊಟ್ಟೆಯೊಳಗಿನ ಕೋಟಿ ಸೂಕ್ಷ್ಮ ಬಾಯಿಗಳು ಸುಮ್ಮನಾಗಿ
ತೇಗಿನಲ್ಲಿ ಹೋಗುವ ಅನಿಲ ಕಾಲು ಪಾಲು ಕಮ್ಮಿಯಂತೆ.
ಕಮ್ಮಿಯಾದದ್ದು ಎಲ್ಲಿಗೆ ಹೋಗುತ್ತೆ?
ಡಾಕ್ಟರ್ ಔಕ್ಯೆ ಹೋಕ್‌ವೆರ್ಡಾ ಅವರ ಮೂರು ವರ್ಷದ ಅನುದಾನ
ಈ ಒಂದು ಪ್ರಶ್ನೆಗೆ.
ಹಾಲಿಗೋ, ಬೆನ್ನಿನ ಕೊಬ್ಬಿಗೋ, ಬರಿಯ ಬಿಸಿಗೋ.

ಮೊದಲ ವಾರ ಪುಡಿಯಿಲ್ಲ. ಎರಡನೆಯ ವಾರ ಪುಡಿ.
ಪರದೆಯ ಮೇಲೆ ಮೀಥೇನಿನ ಗೆರೆ ಬಾಗಿತು
ಗಾಳಿ ಬಿದ್ದ ಸಂಜೆಯ ಬಾವುಟದ ಹಾಗೆ.
ದಿನಕ್ಕೆ ಐದು ಮೆಗಾಜೌಲ್ ಉಳಿತಾಯ!
ಡಾಕ್ಟರ್ ಕೇಕು ತರಿಸಿದರು.

ಹಾಲು? ಅಷ್ಟೇ, ಮೂವತ್ತೆಂಟು.
ಒಮ್ಮೆ ಮೂವತ್ತೆಂಟೂ ಕಾಲು, ಮರುದಿನ ಆ ಕಾಲೂ ವಾಪಸ್ಸು.
ತೂಕ? ನೀರು ಕುಡಿದರೆ ಏರುತ್ತೆ, ಉಚ್ಚೆ ಹೊಯ್ದರೆ ಇಳಿಯುತ್ತೆ,
ಅದನ್ನು ನಂಬಿ ಯಾರು ಪ್ರಬಂಧ ಬರೆದಾರು.
ಜಮೆಯಾದ ಐದು ಯಾವ ಖಾತೆಯಲ್ಲೂ ಸಿಗಲಿಲ್ಲ,
ಇವತ್ತಿಗೂ.

ಗುರುವಾರ ರಾತ್ರಿಪಾಳಿ ನನ್ನದು.
ಹನ್ನೊಂದರ ಹೊತ್ತಿಗೆ ಬಿಸಿಯ ಗೆರೆ ಏರತೊಡಗಿತು.
ಜ್ವರವಿಲ್ಲ. ಕೊಳವೆ ಸೋರಿಲ್ಲ.
ಯಂತ್ರವನ್ನು ಎರಡು ಸಲ ಸರಿಹೊಂದಿಸಿ ನೋಡಿದೆ,
ತಪ್ಪು ನನ್ನದಲ್ಲ, ಅದರದೂ ಅಲ್ಲ.
ಗೀರ್ಟ್ಯೆ ನಿಂತಿದ್ದಳು.
ನಿಂತೇ ಇದ್ದಳು,
ಮೆಲುಕು ಹಾಕದೆ, ಕಾಲು ಬದಲಿಸುತ್ತ,
ಉಸಿರಿನಿಂದ ಗಾಜು ಮಬ್ಬಾಗುವಷ್ಟು ಹತ್ತಿರ.

ಬೆಳಗಿನ ಐದಕ್ಕೆ ವುಬ್ಬೆ ಬಂದ, ಬೀಗದ ಗೊಂಚಲು ಗಲಗಲ.
ಪರದೆಯತ್ತ ತಿರುಗಿಯೂ ನೋಡದೆ ಕೇಳಿದ,
"ಪಕ್ಕದ ಕೋಣೆ ಖಾಲಿ ಮಾಡಿದ್ದು ಯಾವಾಗ?"

ನೂರಾ ಒಂಬತ್ತು. ಕೆಚ್ಚಲು ಬಾವು.
ನಿನ್ನೆ ಸಂಜೆ ಹೊರಗೆ ಸಾಗಿಸಿದ್ದೆವು.
ಎರಡು ವಾರ ಅವೆರಡೂ ಗಾಜಿನ ಆಚೀಚೆ ನಿಂತು
ಒಂದರ ದವಡೆ ಇನ್ನೊಂದು ನೋಡುತ್ತ
ಒಂದೇ ಲಯಕ್ಕೆ ಮೆಲುಕು ಹಾಕುತ್ತಿದ್ದವು.
ಅದನ್ನು ಬರೆಯಲು ನನ್ನ ಹಾಳೆಯಲ್ಲಿ ಮನೆಯಿರಲಿಲ್ಲ.

ಲೆಕ್ಕ ಹಾಕಿದೆ. ಒಂದು ರಾತ್ರಿಗೆ ಆರು ಮೆಗಾಜೌಲ್.
ಪುಡಿ ಉಳಿಸಿಕೊಟ್ಟದ್ದಕ್ಕಿಂತ ಒಂದು ಹೆಚ್ಚೇ.
ನಿಯಮದ ಪ್ರಕಾರ ಷರಾ ಬರೆದೆ:
ಪ್ರಾಣಿ ಅಶಾಂತ. ಈ ದಿನವನ್ನು ಕೈಬಿಡಲಾಗಿದೆ.

ವುಬ್ಬೆ ಏನೂ ಹೇಳಲಿಲ್ಲ.
ಮಡಚುವ ಕುರ್ಚಿಯೊಂದನ್ನು ಎಳೆದುಕೊಂಡು ಹೋಗಿ
ಖಾಲಿ ಕೋಣೆಯಲ್ಲಿ, ಗಾಜಿಗೆ ಎದುರಾಗಿ ಕೂತ.
ಟೋಪಿ ತೆಗೆದ. ಡಬ್ಬಿ ಬಿಚ್ಚಿದ.
ಚೀಸು ಹಚ್ಚಿದ ಬ್ರೆಡ್ಡು,
ಅವನ ಹಲ್ಲಿನ ಸೆಟ್ಟು ಸಡಿಲ, ಬಹಳ ಹೊತ್ತು ಅಗಿಯಬೇಕು.
ಅಗಿದ. ಅಗಿಯುತ್ತಲೇ ಇದ್ದ.

ಗೀರ್ಟ್ಯೆ ನೋಡಿದಳು.
ಮೊದಲು ಕಿವಿ ಇಳಿಯಿತು. ಆಮೇಲೆ ಮುಂಗಾಲು ಮಡಚಿ
ಇಡೀ ಆರುನೂರೈವತ್ತು ಕಿಲೋ ನಿಟ್ಟುಸಿರಾಗಿ ಕುಸಿದು ಕೂತಳು.
ಗಂಟಲಲ್ಲಿ ಒಂದು ಉಂಡೆ ಮೇಲೆ ಬಂತು,
ದವಡೆ ತಿರುಗಿತು.

ಗೆರೆ ಇಳಿಯಿತು. ಹೊತ್ತು ಬರೆದುಕೊಂಡೆ, ಐದು ಐವತ್ತು.
ಬ್ರೆಡ್ಡು ತೂಗುವುದು ಮರೆತೆ.